ಎತ್ತಪ್ಪ ಹೇಳದ ಆರು ಅಂಕಿ

ಎತ್ತಪ್ಪನಿಗೆ ಅಂಕಿ ಬಿಟ್ಟರೆ ಓದು ಬರುವುದಿಲ್ಲ. ಆದರೆ ಮುನ್ನೂರು ಕುರಿಗಳ ಮಂದೆಯಲ್ಲಿ ಒಂದು ಕಾಣೆಯಾದರೆ ಎಣಿಸದೆಯೇ ಹೇಳುತ್ತಾನೆ. ಯಾವ ಕುರಿ, ಯಾವುದರ ಮರಿ ಅಂತಲೂ ಹೇಳುತ್ತಾನೆ. ಆದಿವಾಲದಾಚೆಯ ಗೊಲ್ಲರಹಟ್ಟಿಯವನು. ನಾನು ಅಲ್ಲಿನ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ಮಾರುತೇಶ್. ಪಾಠ ಮಾಡುವ ಕೆಲಸ ನನ್ನದಲ್ಲ, ಆದರೂ ಹಟ್ಟಿಯವರಿಗೆ ನಾನು ಮೇಷ್ಟ್ರು. ಆ ಹೆಸರು ಕೇಳಿ ಉಬ್ಬಿದ್ದೇ ನನ್ನ ರೋಗ.

ಎತ್ತಪ್ಪನ ಮಾತು ಅಂದರೆ ಮಾತು. ಭತ್ತದ ಕೊಯ್ಲು ಮುಗಿದ ಮೇಲೆ ಭದ್ರಾ ನಾಲೆಯ ಕಡೆಗೆ ಕುರಿ ಹೊಡೆದುಕೊಂಡು ಹೋಗುವುದು ಅವರಪ್ಪನ ಕಾಲದ ರೂಢಿ. ಒಂದು ವರ್ಷ ಮಲೇಬೆನ್ನೂರಿನ ರೈತನಿಗೆ, ಸೋಮವಾರ ನಿಮ್ಮ ಗದ್ದೆಯಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸುತ್ತೀನಿ ಅಂದಿದ್ದ. ಜ್ವರದಲ್ಲಿ ನಡುಗುತ್ತಾ, ಕಂಬಳಿ ಹೊದ್ದು, ಸೋಮವಾರವೇ ಮುಟ್ಟಿಸಿದ. ಮನೆಯಲ್ಲಿರುವ ಒಂದೇ ಫೋನು ಕುರಿಯ ಜೊತೆ ಹೋಗುತ್ತದೆ, ಮಂದೆಗೆ ಏನಾದರೂ ಆದರೆ ಹಟ್ಟಿಗೆ ಸುದ್ದಿ ತಿಳಿಯಬೇಕಲ್ಲ.

ಅಂಥದ್ದೇ ಒಂದು ವಲಸೆಯಲ್ಲಿ ಅವನ ಹೆಂಡತಿ ದೊಡ್ಡಕ್ಕ ಗದ್ದೆಯ ಬದುವಿನ ಮೇಲೆ ಹೆತ್ತಳು. ನೋಡಿಕೊಳ್ಳಲು ಒಬ್ಬ ನರ್ಸ್ ಇರಲಿಲ್ಲ. ಚೊಚ್ಚಲ ಕೂಸು ಅಲ್ಲೇ ಕಣ್ಣು ಮುಚ್ಚಿತು. ಆಮೇಲೆ ಹುಟ್ಟಿದ ಯಶೋದಾಳನ್ನು ಎತ್ತಪ್ಪ ಕುರಿಯ ಹಿಂದೆ ಕಳಿಸಲೇ ಇಲ್ಲ. ನೀನು ನರ್ಸಮ್ಮ ಆಗಬೇಕು ಅಂತಲೇ ಓದಿಸಿದ. ಅವಳೂ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಳು, ಚಿತ್ರದುರ್ಗದಲ್ಲೇ ನರ್ಸಿಂಗ್ ಸೀಟು ಸಿಕ್ಕಿತು.

ನನ್ನ ತಪ್ಪು ಅದಕ್ಕೂ ಮುಂಚಿನದು. ತರಬೇತಿಯೊಂದರಲ್ಲಿ ಮೂರು ದಿನ ಊಟ ಹಾಕಿ, ಇದು ಜ್ಞಾನ ಸಮಾಜ, ಹಟ್ಟಿಗಳಿಗೂ ಡಿಜಿಟಲ್ ಅರಿವು ಮುಟ್ಟಿಸಿ ಅಂತ ಕಳಿಸಿದ್ದರು. ಬಂದು ನೋಡಿದರೆ ಹಟ್ಟಿಯ ಮುದುಕಿ ಏಕನಾಥಮ್ಮನಿಂದ ಯಾರೋ ಫೋನಿನಲ್ಲಿ ಒಟಿಪಿ ಕೇಳಿ ಪಿಂಚಣಿ ಬಾಚಿಕೊಂಡಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಗಂಡಸರನ್ನೆಲ್ಲ ಹಟ್ಟಿಯ ಗುಡಿ ಮುಂದೆ ನಿಲ್ಲಿಸಿ, ಫೋನಿಗೆ ಬಂದ ನಂಬರ್ ಯಾರಿಗೂ ಹೇಳುವುದಿಲ್ಲ ಅಂತ ಆಣೆ ಮಾಡಿಸಿದೆ. ಅಷ್ಟಕ್ಕೇ ಬಿಡಬೇಕಿತ್ತು. "ಹೆಂಡ್ತಿ ಮಕ್ಕಳು ಕೇಳಿದ್ರೂ ಹೇಳ್ಬ್ಯಾಡ್ರಿ, ನಾನೇ ಕೇಳಿದ್ರೂ ಹೇಳ್ಬ್ಯಾಡ್ರಿ" ಅಂತ ಬೇರೆ ಸೇರಿಸಿದೆ. ಆ ಹಟ್ಟಿಯಲ್ಲಿ ಗುಡಿ ಮುಂದೆ ಮಾಡಿದ ಆಣೆಯನ್ನು ಗುಡಿ ಮುಂದೆಯೇ ಬಿಡಿಸಬೇಕು. ಅದು ಗೊತ್ತಿದ್ದೇ ಅಲ್ಲಿ ನಿಲ್ಲಿಸಿದ್ದೆ. ಫೋಟೋ ಸಮೇತ ವರದಿ ಕಳಿಸಿ ಶಹಬ್ಬಾಸ್ ಅನ್ನಿಸಿಕೊಂಡೆ.

ಆ ವರ್ಷ ಸೀಟು ಹಂಚುವ ಕೆಲಸ ಎಳೆದೂ ಎಳೆದೂ ಭತ್ತದ ಕೊಯ್ಲಿನ ತನಕ ಬಂತು. ಎತ್ತಪ್ಪ ತಮ್ಮನ ಜೊತೆ ಮಂದೆ ಕಟ್ಟಿಕೊಂಡು ಮಲೇಬೆನ್ನೂರಿನಲ್ಲಿದ್ದ. ಸೀಟು ಒಪ್ಪಿಕೊಳ್ಳಲು ಕೊಟ್ಟ ಮೂರು ದಿನದಲ್ಲಿ ಎರಡು ದಿನ ನಮ್ಮಲ್ಲಿ ಕರೆಂಟಿಲ್ಲ. ಮೂರನೆಯ ದಿನ ಮಧ್ಯಾಹ್ನ ಒಂದೂವರೆಗೆ ಯಶೋದಾ ಗ್ರಂಥಾಲಯದ ಕಂಪ್ಯೂಟರ್ ಮುಂದೆ ಕೂತಳು. ಸಂಜೆ ಐದಕ್ಕೆ ಗಡುವು. ಗುಂಡಿ ಒತ್ತಿದ ಕೂಡಲೇ ಅರ್ಜಿಯಲ್ಲಿದ್ದ ಅಪ್ಪನ ನಂಬರಿಗೆ ಆರು ಅಂಕಿ ಹೋದವು. ಅವಳು ನನ್ನ ಫೋನಿನಿಂದ ಅವನಿಗೆ ಮಾಡಿದಳು.

"ಅಪ್ಪ, ಈಗ ಒಂದು ಮೆಸೇಜ್ ಬಂದೈತೆ ನೋಡು. ಅದರಾಗಿರೋ ನಂಬರ್ ಹೇಳು."

"ಬಂದೈತೆ. ಹೇಳಂಗಿಲ್ಲ ಕಣವ್ವ, ಆಣೆ ಐತೆ."

"ನನ್ನ ಸೀಟಿಂದು ಅಪ್ಪ ಇದು."

ನಾನು ಫೋನ್ ಇಸಿದುಕೊಂಡೆ. "ಎತ್ತಪ್ಪ, ನಾನು ಮಾರುತೇಶ್. ನಾನೇ ಹೇಳ್ತಿದೀನಿ, ಹೇಳಪ್ಪ."

"ನೀವು ಕೇಳಿದ್ರೂ ಹೇಳ್ಬ್ಯಾಡ ಅಂದಿದ್ರಲ್ಲ ಮೇಷ್ಟ್ರೇ. ನಂಬರ್ ತಗಂಡು ನಾನೇ ಬತ್ತೀನಿ, ಗುಡಿ ಮುಂದೆ ಆಣೆ ಬಿಡ್ಸ್ಕಂಡು ಕೊಡ್ತೀನಿ."

ಹತ್ತು ನಿಮಿಷವಾದರೆ ಆ ಅಂಕಿ ಕೆಲಸಕ್ಕೆ ಬರುವುದಿಲ್ಲ ಅನ್ನುವಷ್ಟರಲ್ಲಿ ಕರೆ ಕಟ್ಟಾಯಿತು. ಆ ಪಾಠ ನಾನು ಯಾವತ್ತೂ ಮಾಡಿರಲಿಲ್ಲ. ಕುರಿಯ ಕಿವಿಗೆ ಹಾಕಿದ ಗುರುತು ಅದು ಸಾಯುವ ತನಕ ಇರುತ್ತದೆ, ನಂಬರೂ ಹಾಗೇ ಅಂತ ಅವನು ನಂಬಿದ್ದ. ಮತ್ತೆ ಮಾಡಿದರೆ ಫೋನು ಆಫ್. ದಾರಿಯಲ್ಲಿ ಯಾರೂ ಕದಿಯಬಾರದು ಅಂತ ಆರಿಸಿ, ಕಂಬಳಿಯಲ್ಲಿ ಸುತ್ತಿ, ಬಸ್ಸು ಹತ್ತಿದ್ದನಂತೆ. ಅರ್ಜಿಯಲ್ಲಿ ನಂಬರನ್ನೇ ಬದಲಿಸೋಣ ಅಂತ ನೋಡಿದೆವು. ಅದಕ್ಕೂ ಹಳೆಯ ಫೋನಿಗೇ ಅಂಕಿ ಹೋಗುತ್ತದೆ. ಐದು ಹೊಡೆಯಿತು. ಪರದೆಯ ಮೇಲೆ ಅವಧಿ ಮುಗಿದಿದೆ ಅಂತ ಬಂತು. ಯಶೋದಾ ಅದನ್ನೇ ನೋಡುತ್ತಾ ಕೂತಿದ್ದಳು. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಇಲ್ಲಿ ಮಾಡಿದವನು ನಾನು, ಉಂಡವಳು ಅವಳು.

ಎತ್ತಪ್ಪ ಆರೂವರೆಗೆ ಬಂದ. ದಾವಣಗೆರೆ, ಚಿತ್ರದುರ್ಗ, ಹಿರಿಯೂರು ಅಂತ ಬಸ್ಸು ಬದಲಿಸಿ ಬದಲಿಸಿ ಬಂದು, ಮೊದಲು ಗುಡಿಗೆ ಹೋಗಿ ಕಾಯಿ ಒಡೆದು ಆಣೆ ಬಿಡಿಸಿಕೊಂಡಿದ್ದ. ಫೋನನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟ.

"ಯಾರಿಗೂ ತೋರ್ಸಿಲ್ಲ ಮೇಷ್ಟ್ರೇ. ಭದ್ರವಾಗೈತೆ, ಬರ್ಕಳ್ರಿ."

ಹತ್ತು ನಿಮಿಷಕ್ಕೇ ಆ ಅಂಕಿ ಸತ್ತಿತ್ತು, ಗಡುವೂ ಮುಗಿಯಿತು ಅಂತ ನಾನು ಹೇಳಿದೆ. ಹೇಳಲು ಎಷ್ಟು ಹೊತ್ತಾಯಿತೋ ನೆನಪಿಲ್ಲ, ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು ಅಂತ ಏನೋ ಒದರಿದೆ. ಓದು ನಿಂತು ಮನೆಯಲ್ಲಿ ಕೂತ ಹುಡುಗಿಗೆ ಆ ಹಟ್ಟಿಯಲ್ಲಿ ಮುಂದಿನ ವರ್ಷ ಅಂದರೆ ಮದುವೆ. ಅದು ಮೂವರಿಗೂ ಗೊತ್ತಿತ್ತು.

"ನಾನು ತಪ್ಪು ಮಾಡಿದ್ನಾ ಮೇಷ್ಟ್ರೇ?" ಅಂದ ಎತ್ತಪ್ಪ.

ಯಶೋದಾ ಎದ್ದು ಅಂಕಪಟ್ಟಿಗಳನ್ನು ಚೀಲಕ್ಕೆ ತುಂಬಿಕೊಂಡಳು.

"ನಡಿಯಪ್ಪ. ಅಲ್ಲಿ ಚಿಕ್ಕಪ್ಪ ಒಬ್ನೇ ಅವ್ನೆ. ಬೆಳಿಗ್ಗೆ ನಾನೂ ಬತ್ತೀನಿ, ಕುರಿ ತಾವ ಹೋಗಾಣ."

ಹದಿನೆಂಟು ವರ್ಷ ಕುರಿಯ ಹಿಂದೆ ಬರಬೇಡ ಅಂದವನು ಆವತ್ತು ಬೇಡ ಅನ್ನದೆ ಅವಳ ಕೈಯಿಂದ ಚೀಲ ಇಸಿದುಕೊಂಡ.