ಕಟ್ಟಡ ಬಿಚ್ಚುವ ಮ್ಯಾನೇಜರು

ಕೆಲಸಕ್ಕೆ ಸೇರಿದ ದಿನ, ಹಳೆಯ ಬಾಗಿಲೊಂದನ್ನು ಹೊತ್ತು ಬಂದವರನ್ನು ಗುಜರಿಯವರೆಂದು ತಿಳಿದು, "ಮ್ಯಾನೇಜರ್ ಬರೋತನಕ ಆ ಕಡೆ ಕೂತಿರಿ" ಎಂದೆ. ಪಾಪ, ಕೂತರು. ಮ್ಯಾನೇಜರ್ ಎಂದರೆ ಅವರೇ ಎಂದು ಆಮೇಲೆ ಗೊತ್ತಾಯಿತು. ಕಟ್ಟಡ ಕೆಡವುವ ಮೊದಲೇ ಅದರ ಯಾವ ತೊಲೆ, ಯಾವ ಕಿಟಕಿ ಮುಂದೆ ಯಾವ ಕಟ್ಟಡಕ್ಕೆ ಎಂದು ಸೀಮೆಸುಣ್ಣದಲ್ಲಿ ಬರೆದುಬಿಡುತ್ತಾರೆ. ಇಟ್ಟಿಗೆಯನ್ನು ಬೆರಳಿನಿಂದ ತಟ್ಟಿ, ವೈದ್ಯರಂತೆ ಕಿವಿಗೊಟ್ಟು, "ಇದಕ್ಕಿನ್ನೂ ಆಯಸ್ಸಿದೆ, ಹುಷಾರಾಗಿ ಇಳಿಸ್ರಪ್ಪ" ಎನ್ನುತ್ತಾರೆ. ಬಾಗಿದ ಮೊಳೆಯನ್ನಾಗಲಿ ನನ್ನನ್ನಾಗಲಿ ಎಸೆದವರಲ್ಲ. ಅಂಥವರ ಮನೆ ಬಾಗಿಲಲ್ಲಿ, ಹೆಂಡತಿಯ ಗಾಲಿಕುರ್ಚಿಗೆಂದು ಹಾಕಿದ ಇಳಿಜಾರು ಹಲಗೆ ಆಕೆ ತೀರಿಕೊಂಡು ವರ್ಷವಾದರೂ ಹಾಗೇ ಇದೆ. ಅದಕ್ಕೆ ಎಡವಿ ಬಿದ್ದ ನಾನು ಬಾಯಿತಪ್ಪಿ ಕೇಳಿಬಿಟ್ಟೆ: "ಒಳ್ಳೇ ಮರ ಸಾರ್, ಸೈಟಿಗೆ ಒಯ್ಯೋಣ್ವಾ?" "ನೀನು ಬೇಕಾದ್ರೆ ದಿನಾ ಎಡವು ಕಣಯ್ಯ. ಅದನ್ನ ಮಾತ್ರ ಮುಟ್ಟಬೇಡ."