ನನ್ನ ಮಗಳ ಮದುವೆ ಕಾರ್ಡಿನ ಗಣಪತಿ

ಕೇಳಿ ಸ್ನೇಹಿತರೇ, ವಾರವಿಡೀ ಅಂಟು, ಚಮಕಿ ಮೆತ್ತಿಕೊಂಡು ನಾನು ಮಾಡಿದ ದೀಪಾವಳಿ ಕಾರ್ಡನ್ನು ಇವತ್ತು ನಮ್ಮ ಬಿಲ್ಡಿಂಗಿನ ನೋಟಿಸ್ ಬೋರ್ಡಿಗೆ ಹಚ್ಚಿದೆ. ಯಾರೂ ತಿರುಗಿಯೂ ನೋಡಲಿಲ್ಲ. “ಕಿತೀ ಛಾನ್!”, ಎಷ್ಟು ಚೆಂದ, ಎಂದು ಮರಾಠಿಯಲ್ಲಿ ಎಲ್ಲರೂ ಹೊಗಳಿದ್ದು ಪಕ್ಕದಲ್ಲಿದ್ದ, ಎದುರು ಫ್ಲ್ಯಾಟಿನ ಸುಮಾಳ ಕಾರ್ಡನ್ನು. ನಡುವೆ ಬಂಗಾರದ ಉಬ್ಬು ಗಣಪತಿ, ಸುತ್ತ ರೇಷ್ಮೆ ದಾರ. ನನ್ನ ಹೊಟ್ಟೆಯುರಿಯಲ್ಲೇ ಸುರುಸುರುಬತ್ತಿ ಹಚ್ಚಬಹುದಿತ್ತು. ಆದರೆ ಆ ಗಣಪತಿಯನ್ನು ಎಲ್ಲೋ ನೋಡಿದ ಹಾಗಿತ್ತು.

“ಸುಮಾ, ಇದು ನನ್ ಮಗಳ ಮದುವೆ ಕಾರ್ಡಿಂದಲ್ವಾ?”

“ಹೌದು ಆಂಟಿ! ಎಷ್ಟು ಮಸ್ತ್ ಇತ್ತು, ರದ್ದಿಗೆ ಹಾಕೋಕೆ ಮನಸ್ಸೇ ಬರ್ಲಿಲ್ಲ. ಕತ್ತರ್ಸಿ ಅಂಟಿಸ್ದೆ, ಬಸ್!”

ಮದುವೆಯಲ್ಲಿ ಉಳಿದ ಅದೇ ಕಾರ್ಡಿನ ಕಟ್ಟು ನಮ್ಮ ಅಟ್ಟದಲ್ಲಿ ಧೂಳು ತಿನ್ನುತ್ತಿದೆ. ಮುಂದಿನ ದೀಪಾವಳಿಗೆ ನಾನದನ್ನು ಕತ್ತರಿಸಿದರೆ, ಸುಮಾಳನ್ನು ಕಾಪಿ ಹೊಡೆದೆ ಅನ್ನುತ್ತಾರೆ!