ಇಬ್ಬರ ಪಾದದಳತೆಯ ಕೋಣೆ

ತುರೋರಿಯ ನಮ್ಮ ಮನೆಯಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವುದೇ ಒಂದು ಕಸರತ್ತು. ಪ್ರತಿ ಬಾಗಿಲಿಗೂ ಗೇಣೆತ್ತರದ ಹೊಸ್ತಿಲು, ಪ್ರತಿ ಬಾಗಿಲ ಮೇಲೂ ತಲೆಗೆ ಬಡಿಯುವ ಚೌಕಟ್ಟು. ಕಾಲು ಎತ್ತಬೇಕು, ತಲೆ ಬಗ್ಗಿಸಬೇಕು, ಎರಡೂ ಒಂದೇ ಹೊತ್ತಿಗೆ. ಉದಗೀರದಿಂದ ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಹಣೆಯ ಮೇಲೆ ವಿಭೂತಿಗಿಂತ ಬುಗುಟೆಯೇ ಎದ್ದು ಕಾಣುತ್ತಿತ್ತು.

“ಹಿರ್ಯಾರು ಹಿಂಗ್ಯಾಕ ಕಟ್ಯಾರ ಗೊತ್ತದೇನು? ಕಳ್ಳ ಬಂದರ ಬಗ್ಗಿ ಬರಬೇಕು. ಅವನ ತಲಿ ಮೊದಲು ನಮ್ಮ ಕೈಗಿ ಸಿಗಬೇಕು,” ಎಂದು ಅತ್ತೆ ಹೇಳಿದ್ದರು. ರಜಾಕಾರರ ಗಲಾಟೆಯ ದಿನಗಳಲ್ಲಿ ಒನಕೆ ಹಿಡಿದು ಆ ಬಾಗಿಲ ಹಿಂದೆ ಕೂತವರು ಅವರು. ಪೊಲೀಸ್ ಆಕ್ಷನ್ ಆಗಿ ಏಳೆಂಟು ವರ್ಷ ಕಳೆದಿತ್ತು. ಅಷ್ಟು ವರ್ಷದಲ್ಲಿ ಸಿಕ್ಕ ತಲೆ ನನ್ನದೊಂದೇ.

ಒನಕೆ ಹಿಡಿದ ಆ ಅತ್ತೆಗೆ ಈಗ ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಮಾವನವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅವರಿಗೆ ಕಾಲಿತ್ತು, ಇವರಿಗೆ ಕಣ್ಣಿತ್ತು. ಆದ್ದರಿಂದ ಇಬ್ಬರೂ ಒಬ್ಬರ ತೋಳೊಬ್ಬರು ಹಿಡಿದು, ನೊಗಕ್ಕೆ ಹೂಡಿದ ಜೋಡಿಯಂತೆ ಮನೆಯೆಲ್ಲ ಓಡಾಡುತ್ತಿದ್ದರು. “ಎಡಕ್ ಬರ್ರಿ. ಇನ್ನ ಜರಾ. ಹೊಸ್ತಿಲ ಬಂತು, ಕಾಲ ಎತ್ರಿ. ತಲಿ, ತಲಿ.” ದಿನವಿಡೀ ಮನೆಯಲ್ಲಿ ಅದೇ ಮಾತು. ಮಾವನವರು ಹೂಂ ಎನ್ನದೆ ಎತ್ತುತ್ತಿದ್ದರು, ಬಗ್ಗುತ್ತಿದ್ದರು. ಅವರು ಮೊದಲಿನಿಂದಲೂ ಮಾತು ಕಡಿಮೆ. ಅತ್ತೆ ಅವರ ಪಾಲಿನದನ್ನೂ ಆಡಿ ಮುಗಿಸುತ್ತಿದ್ದರು.

ಒಂದು ದಿನ ಮಜ್ಜಿಗೆಯ ಗಡಿಗೆ ಹಿಡಿದು ಅಡುಗೆಮನೆಯ ಹೊಸ್ತಿಲು ದಾಟುವಾಗ ಆ ಜೋಡಿ ಅಡ್ಡಡ್ಡ ಬಿತ್ತು. ಗಡಿಗೆ ಒಡೆಯಿತು, ಮಾವನವರ ಮೊಣಕೈ ಊದಿಕೊಂಡಿತು. ಅತ್ತೆ ಮಜ್ಜಿಗೆಯಲ್ಲಿ ಕೂತೇ ಹೊಸ್ತಿಲಿಗೆ ಬೈದರು. ಆಮೇಲೆ ಅದು ದೇವರ ಜಾಗ ಎಂದು ನೆನಪಾಗಿ ನನಗೆ ಬೈದರು.

ಅಂದು ಸಂಜೆ ನಮ್ಮ ಮನೆಯವರು ಹಿತ್ತಲಲ್ಲಿ ಒಂದು ಕೋಣೆ ಕಟ್ಟುವ ಮಾತು ತೆಗೆದರು. ಅವರು ಉಮರ್ಗಾದ ಶಾಲೆಯಲ್ಲಿ ಮಾಸ್ತರು. ಉರ್ದುವಿನಲ್ಲಿ ಕಲಿತು, ಮರಾಠಿಯಲ್ಲಿ ಕಲಿಸಿ, ಮನೆಗೆ ಬಂದು ಕನ್ನಡದಲ್ಲಿ ಬೈಸಿಕೊಳ್ಳುತ್ತಿದ್ದವರು. ಮೆಟ್ಟಿಲಿಲ್ಲ, ಎತ್ತರದ ಹೊಸ್ತಿಲಿಲ್ಲ, ಮಂಚದ ಹತ್ತಿರವೇ ಬಚ್ಚಲು, ಗೋಡೆಗುಂಟ ಹಿಡಿದು ನಡೆಯಲು ಒಂದು ಬಿದಿರು. ಉಮರ್ಗಾದ ಅಡತಿ ಅಂಗಡಿಯ ಗೋದಾಮಿನಲ್ಲಿ ಚೀಲ ಎಳೆಯಲು ಇಳಿಜಾರು ಕಟ್ಟಿದ್ದನ್ನು ಅವರು ನೋಡಿ ಬಂದಿದ್ದರು. ಅಂಗಳದಿಂದ ಕೋಣೆಗೆ ಅಂಥದ್ದೇ ಒಂದು ಇಳಿಜಾರು ಬೇಕೆಂದರು.

“ನಾ ಏನ್ ಜ್ವಾಳದ ಚೀಲ ಏನು, ಎಳದು ಒಳಗ ಒಗಿಲಾಕ?” ಎಂದರು ಅತ್ತೆ.

“ಅವ್ವಾ, ನಿನ್ನ ಕಾಲಿಗಿ ಹಗುರ ಆಗಲಿ ಅಂತ...”

“ಹೊಸ್ತಿಲ ಇಲ್ಲದ್ದಕ್ಕ ಮನಿ ಅಂತಾರೇನು? ಕೊಟಗಿ ಅಂತಾರ. ನಿಮ್ಮಪ್ಪಗ ಎತ್ತಿನ ಸಾಲಿಗಿ ಕಟ್ಟು, ನನಗ ಎಮ್ಮಿ ಸಾಲಿಗಿ ಕಟ್ಟು. ಕೊರಳಿಗಿ ಕಟ್ಟಲಾಕ ದಾವಣಿ ಅರೆ ತಂದೀರೋ ಇಲ್ಲೋ?”

ಹೊಸ್ತಿಲ ವಿಷಯದಲ್ಲಿ ಒಂದು ರಾಜಿಯಾಯಿತು. ಕಲ್ಲಿನ ಹೊಸ್ತಿಲು ಇರಬೇಕು, ಕುಂಕುಮ ಹಚ್ಚುವಂತಿರಬೇಕು, ಆದರೆ ನೆಲದ ಮಟ್ಟಕ್ಕೇ ಹೂಳಿರಬೇಕು. ಗಾರೆ ಕೆಲಸದ ಗೌಂಡಿ ಮರಾಠಿಯವನು. “ಜಮಿನೀತಲಾ ಉಂಬರಾ? ಬರಂ, ಕರತೋ ಗುರೂಜಿ,” ಎಂದು ತಲೆ ಕೆರೆದುಕೊಂಡು ಒಪ್ಪಿಕೊಂಡ. ನೆಲದೊಳಗೆ ಹೊಸ್ತಿಲು ಕೂರಿಸಿ ಎಂದವರನ್ನು ಅವನು ಅಲ್ಲಿಯವರೆಗೆ ಕಂಡಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನನ್ನ ಹೆಸರು ಕೆಡುತ್ತಿರಲಿಲ್ಲ. ಆದರೆ ನನಗೂ ಒಂದು ಬುದ್ಧಿ ಇದೆಯಲ್ಲ. ಮಂಚದ ಹತ್ತಿರವೇ ಬಚ್ಚಲು ಎಂದಿದ್ದ ನಮ್ಮ ಮನೆಯವರು ಕಾಗದದ ಮೇಲೆ ಬರೆದ ನಕಾಶೆಯಲ್ಲಿ ಮಂಚ ಒಂದು ಮೂಲೆಗೆ, ಬಚ್ಚಲು ಇನ್ನೊಂದು ಮೂಲೆಗೆ ಇದ್ದವು. ನಡುವಿನ ದಾರಿಯನ್ನು ನಡೆಯುವವರು ಯಾರು, ನಕಾಶೆಯೇ? ಅತ್ತೆಯ ಹೆಜ್ಜೆ ಆಗ ಅವರ ಪಾದದಷ್ಟೇ ಉದ್ದ. ಒಂದು ಹಿಮ್ಮಡಿ ಎತ್ತಿ ಇನ್ನೊಂದು ಕಾಲಿನ ಬೆರಳ ಮುಂದೆ ಇಡುತ್ತಿದ್ದರು. ಆದ್ದರಿಂದ ದಾರಿಯನ್ನು ಅವರ ಪಾದದಿಂದಲೇ ಅಳೆಯಬೇಕೆಂದು ನಾನು ಲೆಕ್ಕ ಹಾಕಿದೆ. ಇಂದಿಗೂ ಆ ಲೆಕ್ಕದಲ್ಲಿ ತಪ್ಪಿತ್ತೆಂದು ನಾನು ಒಪ್ಪುವುದಿಲ್ಲ.

ಒಂದು ಸೋಮವಾರ, ಮನೆಯವರು ಉಮರ್ಗಾಕ್ಕೆ ಹೋದಾಗ, ಅತ್ತೆಯನ್ನು ಹಿತ್ತಲಿಗೆ ಕರೆತಂದು ಮಣೆಯ ಮೇಲೆ ಕೂರಿಸಿದೆ. ಅವರ ಪಾದಕ್ಕೆ ಸರಿಯಾಗಿ ಒಂದು ಬೇವಿನ ಕಡ್ಡಿ ಮುರಿದುಕೊಂಡೆ. ಎಷ್ಟು ದೂರ ಕೂರದೆ ನಡೆಯಬಲ್ಲಿರಿ ಎಂದು ಕೇಳಿ, ನಡೆಸಿ ನೋಡಿ, ಕಡ್ಡಿಯಿಂದ ಅಳೆದೆ. ದಾರಿಯ ಉದ್ದಕ್ಕೆ ಒಂಬತ್ತು ಪಾದ ಬಂತು. ಅಗಲಕ್ಕೆ ಐದು ಸಾಕೆನಿಸಿತು. ಗುರುತು ಹಾಕಲು ಸುಣ್ಣವಿರಲಿಲ್ಲ. ಒಲೆಯ ಬೂದಿ ತಂದು ನೆಟ್ಟಗೆ ನಾಲ್ಕು ಗೆರೆ ಎಳೆದೆ. ಅಷ್ಟು ಹೊತ್ತೂ ಅತ್ತೆ ಒಂದು ಮಾತಾಡಲಿಲ್ಲ. ನನಗೆ ಅನುಮಾನ ಬರಬೇಕಾದದ್ದು ಅಲ್ಲೇ.

ಅಷ್ಟರಲ್ಲಿ ನಮ್ಮ ಮನೆತನದ ಅಯ್ಯನವರು ಬಂದರು. ಮದುವೆಯಿಂದ ಮಣ್ಣಿನವರೆಗೆ ನಮ್ಮ ಮನೆಯ ಕಾರ್ಯಗಳನ್ನೆಲ್ಲ ಮಾಡಿಸುವವರು. ಸೋಮವಾರ ಭಿಕ್ಷೆಗೆ ತಪ್ಪದೆ ಬರುವವರು. ಹಿತ್ತಲ ಬಾಗಿಲಲ್ಲಿ ನಿಂತು ಬೂದಿಯ ಗೆರೆ ನೋಡಿದರು, ನನ್ನ ಕೈಯ ಕಡ್ಡಿ ನೋಡಿದರು, ಬರಿಗಾಲು ಚಾಚಿ ಕೂತ ಅತ್ತೆಯನ್ನು ನೋಡಿದರು.

“ಇದು ಯಾರ ಪಾದದ ಅಳತಿ?”

“ಅತ್ತಿಯವರದ್ರೀ ಅಯ್ಯನೋರ.”

“ಉದ್ದ ಎಷ್ಟು ಬಂತು?”

“ಒಂಬತ್ತು ಪಾದ್ರೀ. ಬರೋಬರಿ ಬಂತು. ಅಗಲ ಐದು.”

ಅಯ್ಯನವರು ಜೋಳಿಗೆ ಕೆಳಗಿಟ್ಟರು. “ಯವ್ವಾ, ನಾ ಇಷ್ಟು ವರ್ಷದಾಗ ಭಾಳ ಕುಣಿ ಅಳಸೀನಿ. ಕಾಲ ಅಲುಗಾಡ್ಸೋರದ್ದು ಅಳಿಯೋದು ಇವತ್ತೇ ನೋಡ್ಲಾಕತ್ತೀನಿ.”

ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಆ ಕುಣಿಯನ್ನು ಗಜದಿಂದಲ್ಲ, ಸತ್ತವರ ಪಾದದಿಂದಲೇ ಅಳೆಯುತ್ತಾರೆ. ಒಂಬತ್ತು ಪಾದ ಉದ್ದ, ಐದು ಪಾದ ಅಗಲ, ಒಳಗೆ ಚೆಲ್ಲಲು ವಿಭೂತಿ. ಅದು ಗಂಡಸರು ಮುಂಚೆಯೇ ಹೋಗಿ ಮುಗಿಸುವ ಕೆಲಸ. ಹೆಂಗಸರಾದ ನಾವು ಹಿಂದಿನಿಂದ ಹೋಗಿ ದೂರ ನಿಂತು ಅಳುವವರು. ಅಳತೆ ನನಗೆ ಹೇಗೆ ಗೊತ್ತಾಗಬೇಕು? ಕಡ್ಡಿಯನ್ನು ಬೆನ್ನ ಹಿಂದೆ ಮರೆಮಾಡಿದೆ.

ಅತ್ತೆ ಸೆರಗು ಸರಿಪಡಿಸಿಕೊಂಡು ಹೇಳಿದರು: “ನಮ್ಮತ್ತಿ ಸತ್ತಾಗ ಕೇಳೀನಿ, ನನಗ ಗೊತ್ತಿತ್ತು ಅಯ್ಯನೋರ. ಎಂಟಕ್ಕ ನಿಲ್ಲತಾಳೋ, ಹತ್ತಕ್ಕ ಹೋಗತಾಳೋ ಅಂತ ನೋಡ್ಲಾಕತ್ತಿದ್ದೆ. ಒಂಬತ್ತಕ್ಕೇ ನಿಂತಳು. ಮ್ಯಾಲ ವಿಭೂತಿನೂ ಚೆಲ್ಲ್ಯಾಳ.”

ಮರುದಿನದಿಂದ ಊರ ಹೆಂಗಸರು ಒಬ್ಬೊಬ್ಬರಾಗಿ ಅತ್ತೆಯನ್ನು ನೋಡಲು ಬಂದರು. ಯಾರಿಗೂ ಯಾವ ಕೆಲಸವೂ ಇರಲಿಲ್ಲ. ಒಬ್ಬಳು ಹೆಪ್ಪು ಕೇಳುವ ನೆವ ಮಾಡಿದಳು, ಒಬ್ಬಳು ಜರಡಿ. ಅತ್ತೆ ಎಲ್ಲರಿಗೂ ಕಾಲು ಅಲ್ಲಾಡಿಸಿ ತೋರಿಸಿದರು. ರಸ್ತೆಯ ಚಹದಂಗಡಿಗೆ ಸುದ್ದಿ ಮುಟ್ಟಿ, ಅಲ್ಲಿಂದ ಬಸ್ಸು ಹತ್ತಿ ಉದಗೀರದ ನನ್ನ ತವರಿಗೂ ಹೋಯಿತು. ಅತ್ತೆಯ ಕುಣಿ ಅಳೆದ ಸೊಸೆ ಎಂದು ನನ್ನ ತಾಯಿ ಮುಖ ಎತ್ತಿ ತಿರುಗದಂತಾಯಿತು.

ಇದೆಲ್ಲ ನಗೆಯ ಮಾತಾಗಿಯೇ ಉಳಿದಿದ್ದರೆ ಚೆನ್ನಾಗಿತ್ತು. ಅತ್ತೆ ಆ ಜಾಗದಲ್ಲಿ ಕಾಲಿಡುವುದಿಲ್ಲ ಎಂದುಬಿಟ್ಟರು. ಮನೆಯವರು ಬೇಡಿಕೊಂಡರು, ರೇಗಿದರು. ತಂದ ಕಲ್ಲು ಹಿತ್ತಲಲ್ಲೇ ಬಿದ್ದವು, ಗೌಂಡಿ ಬೇರೆ ಕೆಲಸ ಹಿಡಿದ. ಒಂದು ಬೆಳಗ್ಗೆ ನಾನು ಒಲೆಗೆ ಕುಳ್ಳು ತರಲು ಹೋಗುವಾಗ ಅತ್ತೆ ನಡುಮನೆಯ ಹೊಸ್ತಿಲ ಮೇಲೆ ಕೂತಿದ್ದರು. ಮಾವನವರನ್ನು ಎಬ್ಬಿಸಿರಲಿಲ್ಲ. ಎರಡೂ ಕೈಯಿಂದ ತಮ್ಮ ಒಂದು ಕಾಲನ್ನು ಹಿಡಿದೆತ್ತಿ ಆಚೆಗಿಟ್ಟರು. ಸುಧಾರಿಸಿಕೊಂಡು ಇನ್ನೊಂದನ್ನು ಎತ್ತಿಟ್ಟರು. ಹಲ್ಲು ಕಚ್ಚಿದ್ದರು. ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ.

“ಅತ್ತಿ, ನಿಮಗ ಮಣ್ಣಿಗಿ ಕಳಸಲಾಕ ನಾ ಕೋಣಿ ಕಟ್ಟಸಲಾಕತ್ತಿಲ್ಲ,” ಎಂದೆ.

“ಅದು ನನಗ ಗೊತ್ತಿಲ್ಲೇನು?” ಅವರ ದನಿ ಸಣ್ಣದಾಗಿತ್ತು. “ಕುಣಿ ಅಂಜಿಕಿ ನನಗಿಲ್ಲ. ಹಿತ್ತಲ ಅಂದ್ರ ಹಿಂದ. ಹೈದರಾಬಾದ ರಾಜ್ಯದವರಿದ್ವಿ, ಯಾರೋ ಕುಂತು ಗೆರಿ ಹೊಡದರು, ಮುಂಬೈ ರಾಜ್ಯದವರಾದ್ವಿ. ನಮಗ್ಯಾರರೆ ಕೇಳಿದರೇನು? ನೀವೂ ಗೆರಿ ಹೊಡದೀರಿ. ಇವತ್ತ ಕೋಣಿ. ನಾಳಿಗಿ ಒಲಿ ನಿಂದು, ಕೀಲಿಕೈ ನಿಂದು. ನಾಡದು ಆ ಮುದುಕಿ ಯಾರಂತ ಬಂದವರು ಕೇಳ್ತಾರ.”

ನಾನು ಕುಳ್ಳಿನ ಬುಟ್ಟಿ ಹಿಡಿದು ಅವರ ಪಕ್ಕದಲ್ಲೇ ಹೊಸ್ತಿಲ ಮೇಲೆ ಕೂತೆ. ಹೊಸ್ತಿಲ ಮೇಲೆ ಕೂರಬಾರದೆಂದು ಅವರು ಬೈಯಲಿಲ್ಲ. ಹೀಗಾಗಿ ನನಗೆ ಇನ್ನಷ್ಟು ಅಳು ಬಂತು.

ಮುಂದಿನ ಸೋಮವಾರ ಅಯ್ಯನವರು ಉಂಡು ಕೈ ತೊಳೆದ ಮೇಲೆ, ಅದುವರೆಗೆ ಈ ವಿಷಯದಲ್ಲಿ ಬಾಯಿ ತೆರೆಯದ ಮಾವನವರು ನನ್ನ ಕಡೆ ಮುಖ ತಿರುಗಿಸಿದರು.

“ಆ ಕಡ್ಡಿ ಅದ ಏನವ್ವಾ?”

“ಅದರೀ ಮಾವನೋರ.” ಎಸೆಯಲು ಅಂಜಿಕೆಯಾಗಿ ಅದನ್ನು ಎತ್ತಿಟ್ಟಿದ್ದೆ.

“ನನ್ನ ಪಾದಕ್ಕೂ ಒಂದು ಮುರಿ.” ಕಾಲು ಚಾಚಿದರು. “ಅಯ್ಯನೋರ, ಕುಣ್ಯಾಗ ಎಷ್ಟು ಮಂದಿಗಿ ಕೂಡಸ್ತೀರಿ?”

“ಒಬ್ಬರಿಗೇ.”

“ಇಬ್ಬರ ಪಾದ ಕೂಡಿಸಿ ಅಳದಿದ್ದಕ್ಕ ಏನಂತೀರಿ?”

ಅಯ್ಯನವರು ಗಡ್ಡ ನೀವಿಕೊಂಡರು. “ಶಾಸ್ತ್ರದಾಗ ಏನದೋ ಗೊತ್ತಿಲ್ಲ. ಇಬ್ಬರ ಪಾದದ ಕುಣಿ ನಾನಂತೂ ತೋಡಿಸಿಲ್ಲ.”

“ಹಂಗಾರ ಅದು ಮನಿ.” ಮಾವನವರು ಅತ್ತೆ ಕೂತ ಕಡೆಗೆ ತಿರುಗಿದರು. ಒಂದಿಷ್ಟು ತಪ್ಪಿ, ಕಂಬಕ್ಕೆ ಮುಖ ಮಾಡಿ ಹೇಳಿದರು: “ಇವರು ನೀ ಒಬ್ಬಾಕಿನೇ ನಡೀತಿ ಅಂತ ಅಳದಾರ. ನಾ ಇಲ್ಲದ ನೀ ಯಾವಾಗ ನಡದೀದಿ?”

ಅತ್ತೆ ಸೊಂಟದ ಕೀಲಿಕೈ ಗೊಂಚಲನ್ನು ಒಮ್ಮೆ ಸರಿಪಡಿಸಿಕೊಂಡರು. ಆಮೇಲೆ ಅವರು “ನಾ ಈ ಕಡಿ ಕುಂತೀನಿ, ಕಂಬಕ್ಕ ಹೇಳಬ್ಯಾಡ್ರಿ,” ಎಂದರು. ಅದನ್ನೇ ಒಪ್ಪಿಗೆ ಎಂದು ತಿಳಿದೆವು.

ನೋಡಿದರೆ ಮಾವನವರ ಮಾತು ನೂರಕ್ಕೆ ನೂರು ಖರೆ. ನಾನು ಎಳೆದ ದಾರಿಯಲ್ಲಿ ಒಬ್ಬರು ಹಾಯಾಗಿ ಹೋಗಬಹುದಿತ್ತು. ತೋಳು ಹಿಡಿದ ಇಬ್ಬರು ಗೋಡೆಗೆ ಉಜ್ಜಿಕೊಂಡು ಹೋಗಬೇಕಾಗುತ್ತಿತ್ತು. ಅತ್ತೆಯ ಕಡ್ಡಿ, ಮಾವನವರ ಕಡ್ಡಿ ಎರಡನ್ನೂ ಜೋಡಿಸಿ ಮತ್ತೆ ಅಳೆದೆವು. ಬಚ್ಚಲು ಅಗಲವಾಯಿತು, ಬಾಗಿಲು ಗಾಡಿ ಕೊಟ್ಟಿಗೆಯ ಬಾಗಿಲಿನಷ್ಟಾಯಿತು. ಒಂಟಿ ಬಾಗಿಲಿನ ಚೌಕಟ್ಟು ಮಾಡಿಸಿಕೊಂಡು ತಿರುಗಿ ಬಂದಿದ್ದ ಗೌಂಡಿ ಹಣೆ ಹಣೆ ಬಡಿದುಕೊಂಡ.

ಅತ್ತೆ ತಮ್ಮದೂ ಒಂದು ಷರತ್ತು ಹಾಕಿದರು. ಕೋಣೆಯ ಬಾಗಿಲು ಹೊಲದ ಕಡೆಗಲ್ಲ, ಅಡುಗೆಮನೆಯ ಬಾಗಿಲಿಗೆ ಎದುರಾಗಿರಬೇಕು. “ಈಕಿ ಪಲ್ಯಕ್ಕ ಎಣ್ಣಿ ಎಷ್ಟು ಸುರೀತಾಳ ನನಗ ಕಾಣಬೇಕು.” ಹಾಗೇ ಕಟ್ಟಿಸಿದೆವು. ಕೀಲಿಕೈ ಗೊಂಚಲು ಅವರ ಸೊಂಟದಲ್ಲೇ ಉಳಿಯಿತು. ಮುಂದೆ ನನ್ನ ಪ್ರತಿಯೊಂದು ಒಗ್ಗರಣೆಗೂ ಹಿತ್ತಲಿಂದ ತೀರ್ಪು ಬರುತ್ತಿತ್ತು. ಹಿಂದಕ್ಕೆ ಹೋದರೆಂದು ಯಾರೂ ಅನ್ನುವಂತಿರಲಿಲ್ಲ. ಬಂದವರೆಲ್ಲ ಮೊದಲು ಆ ಕೋಣೆಗೇ ಹೋಗುತ್ತಿದ್ದರು, ಚಹ ಮಾತ್ರ ನಾನು ಒಯ್ಯಬೇಕಿತ್ತು.

ನೆಲದಲ್ಲಿ ಹೂತ ಆ ಹೊಸ್ತಿಲನ್ನು ದಾಟಲು ಕಾಲೆತ್ತಬೇಕಾಗಿರಲಿಲ್ಲ. ಅದಕ್ಕೆಂದೇ ಹೂಳಿದ್ದು. ಆದರೂ ಅತ್ತೆ ಬಿಡಲಿಲ್ಲ. ಜೋಡಿ ಬಾಗಿಲಿಗೆ ಬಂದೊಡನೆ “ಹೊಸ್ತಿಲ ಬಂತು, ಕಾಲ ಎತ್ರಿ,” ಎನ್ನುತ್ತಿದ್ದರು. ಮಾವನವರು ಇಲ್ಲದ ಹೊಸ್ತಿಲಿಗೆ ಗೇಣೆತ್ತರ ಕಾಲೆತ್ತಿ ಇಡುತ್ತಿದ್ದರು. ಮನೆಯವರು ನಕ್ಕು ನಕ್ಕು ಸಾಕಾಗುತ್ತಿದ್ದರು. “ಅಪ್ಪಾ, ಅಲ್ಲಿ ಏನೂ ಇಲ್ಲ,” ಎಂದು ಹೇಳಿದರೆ, “ಆಕಿಗಿ ಅದ,” ಎನ್ನುತ್ತಿದ್ದರು ಮಾವನವರು.

ಮಹಾರಾಷ್ಟ್ರ ಆಯಿತೆಂದು ಉಮರ್ಗಾದಲ್ಲಿ ಪೇಢೆ ಹಂಚಿದರಲ್ಲ, ಆ ವರ್ಷದ ಮಳೆಗಾಲದಲ್ಲಿ ಮಾವನವರು ಹೋದರು. ಗಂಡಸರು ಅಳತೆಗೆಂದು ಕೋಣೆಗೆ ಬಂದಾಗ ಅತ್ತೆ ಮಂಚದ ಮೇಲಿಂದಲೇ ಹೇಳಿದರು: “ಜಂತ್ಯಾಗ ಎರಡು ಕಡ್ಡಿ ಅವ. ಉದ್ದಂದು ಅವರದು, ಒಯ್ರಿ. ಸಣ್ಣದು ಅಲ್ಲೇ ಇರಲಿ.” ಅಯ್ಯನವರು ಉದ್ದದ್ದನ್ನು ತೆಗೆದುಕೊಂಡರು. ಯಾರೂ ಮಾವನವರ ಪಾದ ಮುಟ್ಟಿ ಅಳೆಯಬೇಕಾಗಲಿಲ್ಲ.

ಕೆಲವು ದಿನ ಅತ್ತೆ ಕೋಣೆಯಿಂದ ಹೊರಗೇ ಬರಲಿಲ್ಲ. ಒಗ್ಗರಣೆಗೆ ತೀರ್ಪು ಬರುವುದು ನಿಂತಿತು. ಬೇಕೆಂದೇ ಎಣ್ಣೆ ಜಾಸ್ತಿ ಸುರಿದೆ, ಆಗಲೂ ಬರಲಿಲ್ಲ. ಕೊನೆಗೆ ನಾನೇ ಹೋಗಿ, ಅಂಗಳದ ಬಿಸಿಲಿಗೆ ಬರ್ರಿ ಎಂದು ತೋಳು ಕೊಟ್ಟೆ. ಮಾವನವರು ಹಿಡಿಯುತ್ತಿದ್ದ ಕಡೆಯಿಂದಲೇ ಹಿಡಿದೆ. ಒಂದೊಂದೇ ಪಾದ ಇಡುತ್ತ ಆ ಅಗಲ ಬಾಗಿಲ ತನಕ ಬಂದೆವು. ನನ್ನ ಕಣ್ಣು ಚೆನ್ನಾಗಿದ್ದವು, ಹೊಸ್ತಿಲು ನೆಲದಲ್ಲಿ ಹೂತಿತ್ತು. ಅತ್ತೆ ಮುಂದೆ ನೋಡುತ್ತ, “ಎಡಕ್ ಬರ್ರಿ. ಹೊಸ್ತಿಲ ಬಂತು, ಕಾಲ ಎತ್ರಿ,” ಎಂದರು.

ನಾನು ಕಾಲೆತ್ತಿದೆ.